ಬೈಲಕುಪ್ಪೆಯಿಂದ ಬಂದ ಗೆಳತಿ: ನಿರಾಶ್ರಿತರ ಬದುಕನ್ನು ಅರ್ಥಮಾಡಿಕೊಳ್ಳುವುದು ಹೇಗೆ?



‘ನಿರಾಶ್ರಿತರು’ ಎಂಬ ಪದವನ್ನು ನಾವು ಹೆಚ್ಚಾಗಿ ಟಿವಿ ಸುದ್ದಿಯಲ್ಲಿ ಕೇಳುತ್ತೇವೆ. ತುಂಬಿದ ದೋಣಿ, ಸಾಲು ಡೇರೆಗಳು, ಮುಳ್ಳುತಂತಿ ಬೇಲಿ ಕಣ್ಣ ಮುಂದೆ ಬರುತ್ತವೆ. ಇದೆಲ್ಲ ಎಲ್ಲೋ ದೂರದ ದೇಶದ ಕಥೆ ಎಂದುಕೊಂಡು ಚಾನೆಲ್ ಬದಲಿಸುತ್ತೇವೆ. ಆದರೆ ನಮ್ಮ ಕರ್ನಾಟಕದಲ್ಲೇ ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಾವಿರಾರು ನಿರಾಶ್ರಿತರು ಬದುಕುತ್ತಿದ್ದಾರೆ. ಬಸವೇಶ್ವರನಗರದಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿ ಮಡಿಕೇರಿ ಬಸ್ ಹತ್ತಿ. ಕುಶಾಲನಗರ ಬರುವ ಸ್ವಲ್ಪ ಮುಂಚೆ ಬೈಲಕುಪ್ಪೆ ಸಿಗುತ್ತದೆ. ಪಿಕ್ನಿಕ್‌ಗೆ ಹೋದವರೆಲ್ಲ ಅಲ್ಲಿನ ಚಿನ್ನದ ಬಣ್ಣದ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡಿರುತ್ತೀರಿ. ಅದರ ಸುತ್ತ ಇರುವ ಊರುಗಳೇ ಟಿಬೆಟ್ ನಿರಾಶ್ರಿತರ ವಸತಿಗಳು.

ನಾನು ಹೋಗುವ ಅಕೌಂಟೆನ್ಸಿ ಟ್ಯೂಷನ್‌ನಲ್ಲಿ ಬೈಲಕುಪ್ಪೆಯ ಹುಡುಗಿಯೊಬ್ಬಳು ಇದ್ದಾಳೆ. ನನ್ನದೇ ವಯಸ್ಸು, ಹದಿನೇಳು. ಬೇರೆ ಕಾಲೇಜಿನಲ್ಲಿ ಓದುತ್ತಾಳೆ, ನಮ್ಮ ಏರಿಯಾದಲ್ಲೇ ಪೇಯಿಂಗ್ ಗೆಸ್ಟ್ ಆಗಿದ್ದಾಳೆ. ಅವಳ ಬಗ್ಗೆ ಬರೆಯಲಾ ಎಂದು ಕೇಳಿದಾಗ, “ಬರೆ, ಆದರೆ ನನ್ನ ಹೆಸರು ಹಾಕಬೇಡ, ಅಯ್ಯೋ ಪಾಪ ಅಂತಲೂ ಬರೆಯಬೇಡ” ಎಂದಳು. ಎರಡೂ ಮಾತು ಉಳಿಸಿಕೊಂಡು ಬರೆಯುತ್ತಿದ್ದೇನೆ.

ಯಾಕೆ ಬಂದರು, ಹೇಗೆ ಬಂದರು?

1950ರಲ್ಲಿ ಚೀನಾದ ಸೈನ್ಯ ಟಿಬೆಟ್ ಪ್ರವೇಶಿಸಿತು. 1959ರ ಮಾರ್ಚ್ 10ರಂದು ರಾಜಧಾನಿ ಲಾಸಾದಲ್ಲಿ ಜನ ದಂಗೆ ಎದ್ದರು. ಮಾರ್ಚ್ 17ರ ರಾತ್ರಿ ದಲೈ ಲಾಮಾ ಲಾಸಾ ಬಿಟ್ಟು ಹೊರಟು, ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದರು. ಆಗ ಅವರಿಗೆ 23 ವರ್ಷ. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿ ಬಂದರು.

ಬಂದವರಿಗೆ ಮೊದಲು ಸಿಕ್ಕ ಕೆಲಸ ಬೆಟ್ಟ ಕಡಿದು ರಸ್ತೆ ಮಾಡುವುದು. ಅಪ್ಪ ಅಮ್ಮ ಕಲ್ಲು ಒಡೆಯುತ್ತಿದ್ದರೆ ಮಕ್ಕಳು ರಸ್ತೆ ಬದಿಯ ಡೇರೆಯಲ್ಲಿ ಇರುತ್ತಿದ್ದರು. ಕಾಯಿಲೆ ಬಿದ್ದು ತುಂಬಾ ಮಕ್ಕಳು ಸತ್ತರು. 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲಾಕ್ಕೆ ಕರೆತಂದರು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೊಲ್ಮಾ ಆ ಮಕ್ಕಳನ್ನು ನೋಡಿಕೊಂಡರು. ಅದೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಎಂಬ ದೊಡ್ಡ ಶಾಲಾ ಸಂಸ್ಥೆಯಾಯಿತು. ಬೈಲಕುಪ್ಪೆಯಲ್ಲೂ ಅದರ ಶಾಲೆ ಇದೆ.

ಇಷ್ಟು ಜನರಿಗೆ ನೆಲೆ ಎಲ್ಲಿ ಕೊಡುವುದು ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂತು. 1960ರಲ್ಲಿ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1961ರಲ್ಲಿ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ವಸತಿ ಶುರುವಾಯಿತು. ದೇಶದಲ್ಲೇ ಟಿಬೆಟಿಯನ್ನರ ಮೊದಲ ವಸತಿ ಅದು. ಅದಲ್ಲದೆ ಅಲ್ಲೇ ಎರಡನೆಯದು, ಉತ್ತರ ಕನ್ನಡದ ಮುಂಡಗೋಡು, ಹುಣಸೂರು ಹತ್ತಿರದ ಗುರುಪುರ, ಕೊಳ್ಳೇಗಾಲ ಹತ್ತಿರದ ಒಡೆಯರಪಾಳ್ಯ. ಹೀಗೆ ಒಟ್ಟು ಐದು ವಸತಿಗಳಿವೆ. ಭಾರತದಲ್ಲಿ ಹೆಚ್ಚು ಟಿಬೆಟಿಯನ್ನರು ನೆಲೆಸಿದ ರಾಜ್ಯ ನಮ್ಮದೇ.

ನನ್ನ ಗೆಳತಿಯ ಅಜ್ಜಿ 1959ರ ನಂತರ ಬಂದವರು. ಅವಳ ತಂದೆಯ ಕಥೆ ಬೇರೆ. ಅವರು 1990ರ ದಶಕದಲ್ಲಿ ಒಂಬತ್ತು ವರ್ಷದ ಹುಡುಗ. ಟಿಬೆಟಿನ ಹಳ್ಳಿಯ ತಂದೆ ತಾಯಿ, ಮಗ ಭಾರತದಲ್ಲಿ ತಮ್ಮ ಭಾಷೆಯಲ್ಲಿ ಓದಲಿ ಎಂದು ಪರಿಚಯದವರ ಜೊತೆ ಕಳಿಸಿಬಿಟ್ಟರು. ಆ ಕಾಲದಲ್ಲಿ ಹೀಗೆ ಸಾವಿರಾರು ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬಂದಿದ್ದಾರೆ. ಅನೇಕರು ಬಂದ ದಾರಿ ನಂಗ್ಪಾ ಲಾ ಎಂಬ ಕಣಿವೆ. ಅದರ ಎತ್ತರ ಸುಮಾರು 5,700 ಮೀಟರ್. ರಾತ್ರಿ ಹಿಮದ ಮೇಲೆ ನಡೆದು ನೇಪಾಳ ತಲುಪಿ, ಅಲ್ಲಿಂದ ಭಾರತಕ್ಕೆ ಬರಬೇಕು. 2006ರ ಸೆಪ್ಟೆಂಬರ್ 30ರಂದು ಇದೇ ಕಣಿವೆಯಲ್ಲಿ ನಡೆದು ಬರುತ್ತಿದ್ದವರ ಮೇಲೆ ಚೀನಾದ ಗಡಿ ಪಡೆ ಗುಂಡು ಹಾರಿಸಿತು. ಕೆಲ್ಸಾಂಗ್ ನಮ್ಟ್ಸೊ ಎಂಬ ಭಿಕ್ಷುಣಿ ಸತ್ತಳು. ಅವಳಿಗೂ ಹದಿನೇಳೇ ವರ್ಷ. 2008ರ ನಂತರ ಗಡಿಯಲ್ಲಿ ಕಾವಲು ಬಿಗಿಯಾಗಿ ಈಗ ಬರುವವರು ಬಹಳ ಕಡಿಮೆ.

ಗೆಳತಿಯ ತಂದೆ ತಮ್ಮ ತಾಯಿಯನ್ನು ಆಮೇಲೆ ನೋಡಲೇ ಇಲ್ಲ. ಇದನ್ನು ಅವಳು ನನಗೆ ಬಹಳ ಸಾಮಾನ್ಯವಾಗಿ, ಜರ್ನಲ್ ಎಂಟ್ರಿ ಬರೆಯುತ್ತಾ ಹೇಳಿದಳು.

ಹೊಸ ನೆಲ, ಹೊಸ ಊಟ

ಹೊಸ ದೇಶಕ್ಕೆ ಹೊಂದಿಕೊಳ್ಳುವುದು ಎಂದರೆ ಮೊದಲು ಹೊಂದಿಕೊಳ್ಳಬೇಕಾದದ್ದು ಶರೀರ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,000 ಮೀಟರ್‌ಗೂ ಹೆಚ್ಚು. ಬೈಲಕುಪ್ಪೆ 1,000 ಮೀಟರ್‌ಗಿಂತ ಕಡಿಮೆ. ಚಳಿ ಮತ್ತು ಒಣಗಾಳಿಯಲ್ಲಿ ಬೆಳೆದವರು ಸೆಖೆ, ಸೊಳ್ಳೆ, ಜಡಿಮಳೆಗೆ ಬಂದರು. ಅಲ್ಲಿ ಬಾರ್ಲಿ ಹಿಟ್ಟು, ಬೆಣ್ಣೆ ಚಹಾ, ಯಾಕ್ ಹಾಲು. ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆಯಬೇಕು. ರಾತ್ರಿ ಆನೆ ಬಂದು ಬೆಳೆ ತುಳಿಯುತ್ತದೆ. ಆನೆಯನ್ನು ಧರ್ಮಗ್ರಂಥದ ಚಿತ್ರದಲ್ಲಿ ಮಾತ್ರ ನೋಡಿದ್ದವರಿಗೆ ಅದು ಹೊಲಕ್ಕೇ ಬಂದು ನಿಂತಾಗ ಹೇಗಾಗಿರಬೇಕು!

ಈಗಿನ ಮಕ್ಕಳಿಗೆ ಶರೀರದ ಕಷ್ಟವಿಲ್ಲ, ಅವರು ಇಲ್ಲೇ ಹುಟ್ಟಿದವರು. ನನ್ನ ಗೆಳತಿಗೆ ಮೊಮೊಗಿಂತ ಮಸಾಲೆ ದೋಸೆ ಇಷ್ಟ. ನಾವು ಅವಳನ್ನು ಮೊಮೊ ಅಂಗಡಿಗೆ ಕರೆದುಕೊಂಡು ಹೋಗಿ ಖುಷಿಪಡಿಸುತ್ತೇವೆ ಎಂದುಕೊಂಡಿದ್ದೆವು, ಅವಳು ನಮ್ಮನ್ನು ದರ್ಶಿನಿಗೆ ಕರೆದುಕೊಂಡು ಹೋದಳು.

ಕ ಖ ಗ ಙ

ಎರಡನೆಯದು ಭಾಷೆ. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಮ್ಮಿ ಜೊತೆ ದಖ್ಖನಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮೂರು ಭಾಷೆಯ ನಡುವೆ ಓಡಾಡುವುದು ನಮ್ಮ ಕಾಲೇಜಿನ ತುಂಬಾ ಜನರಿಗೆ ಗೊತ್ತಿರುವ ವಿಷಯ. ಟಿಬೆಟಿಯನ್ ಮಕ್ಕಳಿಗೆ ನಾಲ್ಕು: ಮನೆಯಲ್ಲಿ ಟಿಬೆಟಿಯನ್, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಸಂತೆಯಲ್ಲಿ ಕನ್ನಡ.

ಒಂದು ದಿನ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನ್ನ ಲಿಪಿಯ ಅಕ್ಷರಗಳನ್ನು ಬರೆದು ಓದಿ ತೋರಿಸಿದಳು. ಕ, ಖ, ಗ, ಙ ಎಂದೇ ಶುರುವಾಯಿತು! ನಂತರ ಚ, ಛ, ಜ, ಞ. ಒಟ್ಟು 30 ಅಕ್ಷರ, ಜೊತೆಗೆ 4 ಸ್ವರಚಿಹ್ನೆ. ಏಳನೆಯ ಶತಮಾನದಲ್ಲಿ ಥೊನ್ಮಿ ಸಂಭೋಟ ಎಂಬ ಮಂತ್ರಿ ಭಾರತಕ್ಕೆ ಬಂದು ಕಲಿತು, ಭಾರತದ ಲಿಪಿಯ ಮಾದರಿಯಲ್ಲಿ ಟಿಬೆಟಿಯನ್ ಲಿಪಿ ರೂಪಿಸಿದ ಎಂದು ಅವರ ಪರಂಪರೆ ಹೇಳುತ್ತದೆ. ಅಂದರೆ ಅಲಿಫ್, ಬೇ, ಪೇ ಕಲಿತು ಕನ್ನಡಕ್ಕೆ ಬಂದ ನನಗಿಂತ, ಹಿಮಾಲಯದ ಆಚೆಯ ಭಾಷೆಯವಳಿಗೆ ಕನ್ನಡ ವರ್ಣಮಾಲೆಯ ಸಾಲು ಹತ್ತಿರ. ಬರೆಯುವುದು ಅವಳಿಗೆ ಬೇಗ ಬಂತು, ಮಾತಾಡುವುದು ನನಗೆ ಬೇಗ ಬಂತು. ಈಗ ಅವಳು ನನ್ನ ಒತ್ತಕ್ಷರ ತಿದ್ದುತ್ತಾಳೆ.

ಒಂದು ಮನೆ, ಮೂರು ಕಾನೂನು

ಮೂರನೆಯದು ಕಾಗದ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿರಾಶ್ರಿತರ ನಿಜವಾದ ಕಷ್ಟ ಇಲ್ಲಿದೆ.

ನಿರಾಶ್ರಿತರ ರಕ್ಷಣೆಗೆ 1951ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಆಯಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಟಿಬೆಟಿಯನ್ ನಿರಾಶ್ರಿತ ಎಂದರೆ ಒಬ್ಬ ವಿದೇಶಿ. ಅವರು ನೋಂದಣಿ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಎಲ್ಲರೂ ಅದನ್ನು ‘ಆರ್‌ಸಿ’ ಎನ್ನುತ್ತಾರೆ. 16 ವರ್ಷ ತುಂಬಿದ ಮೇಲೆ ಪ್ರತಿಯೊಬ್ಬರೂ ತಮ್ಮದೇ ಆರ್‌ಸಿ ಮಾಡಿಸಿ, ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ‘ಐಡೆಂಟಿಟಿ ಸರ್ಟಿಫಿಕೇಟ್’ ಇರುತ್ತದೆ. ನಮಗೆ ಹದಿನಾರು ತುಂಬಿದಾಗ ಯಾರೂ ಏನೂ ಕೇಳಲಿಲ್ಲ. ಅವಳು ಆ ವರ್ಷ ತಾನು ಹುಟ್ಟಿದ ಜಿಲ್ಲೆಯಲ್ಲೇ ವಿದೇಶಿ ಎಂದು ಹೆಸರು ಬರೆಸಿದಳು.

ಈಗ ಅವಳ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಅದರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಒಬ್ಬರು ನಾಗರಿಕರಾಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಅಜ್ಜಿ ಟಿಬೆಟಿನಲ್ಲಿ ಹುಟ್ಟಿದವರು, ಆದ್ದರಿಂದ ನಿರಾಶ್ರಿತರು. ತಾಯಿ 1985ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವರು, ಕಾಯ್ದೆಯ ಪ್ರಕಾರ ನಾಗರಿಕರು. ಹೀಗೆ ಹುಟ್ಟಿದವರು ನಾಗರಿಕರೇ ಎಂದು ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಮಗಳು ಹುಟ್ಟಿದ್ದು 2004ರ ನಂತರ, ತಂದೆ ಹಿಮದ ದಾರಿಯಲ್ಲಿ ಬಂದವರು. ಆದ್ದರಿಂದ ಅವಳ ದಾರಿ ತಾಯಿಯಷ್ಟು ನೇರವಲ್ಲ. ಒಂದೇ ಅಡುಗೆಮನೆಯಲ್ಲಿ ಕೂತು ಊಟ ಮಾಡುವ ಮೂವರಿಗೆ ಮೂರು ನಿಯಮ.

ತಾಯಿ ಪಾಸ್‌ಪೋರ್ಟ್ ಮಾಡಿಸಬಹುದಲ್ಲ ಎಂದು ನಾನು ಕೇಳಿದೆ. ಆರ್‌ಸಿ ವಾಪಸ್ ಕೊಡಬೇಕು, ಟಿಬೆಟಿಯನ್ ವಸತಿಯಲ್ಲಿ ವಾಸಿಸಬಾರದು, ನಿರಾಶ್ರಿತರಿಗೆ ಸಿಗುವ ಸೌಲಭ್ಯ ಪಡೆಯಬಾರದು ಎಂಬ ಷರತ್ತುಗಳನ್ನು 2017ರಲ್ಲಿ ಹಾಕಲಾಯಿತು. ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆ. ಅವರನ್ನು ಬಿಟ್ಟು ಎಲ್ಲಿಗೆ ಹೋಗುವುದು? ಹಾಗಾಗಿ ತಾಯಿ ಇನ್ನೂ ಅರ್ಜಿ ಹಾಕಿಲ್ಲ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಪರೀಕ್ಷೆಗಳ ಪ್ರಕಟಣೆಯಲ್ಲಿ ‘ರಾಷ್ಟ್ರೀಯತೆ’ ಎಂಬ ಭಾಗವನ್ನು ನಾವು ಓದದೆ ಮುಂದೆ ಹೋಗುತ್ತೇವೆ. ಕೆಲವು ಹುದ್ದೆಗಳಿಗೆ ‘1962ರ ಜನವರಿ 1ಕ್ಕಿಂತ ಮುಂಚೆ ಭಾರತಕ್ಕೆ ಬಂದು ನೆಲೆಸಿದ ಟಿಬೆಟಿಯನ್ ನಿರಾಶ್ರಿತರು’ ಕೂಡ ಅರ್ಜಿ ಹಾಕಬಹುದು ಎಂದು ಅಲ್ಲಿ ಬರೆದಿರುತ್ತದೆ. ಆ ದಿನಾಂಕಕ್ಕೆ ಮುಂಚೆ ಬಂದವರಿಗೆ ಈಗ ಕಡಿಮೆ ಎಂದರೂ ಅರವತ್ತರ ಮೇಲೆ ವಯಸ್ಸು. ಪರೀಕ್ಷೆ ಬರೆಯುವ ವಯಸ್ಸಿನವರು ಯಾರೂ ಆ ಸಾಲಿನೊಳಗೆ ಬರುವುದಿಲ್ಲ.

ಹಾಗಾದರೆ ಅವಳಿಗೆ ಹಕ್ಕೇ ಇಲ್ಲವೇ? ಇದೆ. ಸಂವಿಧಾನದ ಪದಗಳನ್ನು ಗಮನಿಸಿ. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮೊದಲಾದವು ‘ನಾಗರಿಕರಿಗೆ’. ಆದರೆ 14ನೇ ವಿಧಿಯ ಸಮಾನತೆ ಮತ್ತು 21ನೇ ವಿಧಿಯ ಜೀವ, ಸ್ವಾತಂತ್ರ್ಯದ ರಕ್ಷಣೆ ‘ವ್ಯಕ್ತಿಗೆ’. ವ್ಯಕ್ತಿ ಎಂದರೆ ಈ ನೆಲದ ಮೇಲಿರುವ ಯಾರಾದರೂ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ನಾಗರಿಕರಿರಲಿ, ಇಲ್ಲದಿರಲಿ, ಪ್ರತಿಯೊಬ್ಬರ ಜೀವ ಕಾಪಾಡುವುದು ಸರ್ಕಾರದ ಕರ್ತವ್ಯ.

ಸ್ವೆಟರ್ ಲೆಕ್ಕ

ಕಾಮರ್ಸ್ ವಿದ್ಯಾರ್ಥಿಯಾಗಿ ಈ ಭಾಗ ಬರೆಯದಿದ್ದರೆ ಹೇಗೆ? ಚಳಿಗಾಲ ಬಂದರೆ ನಮ್ಮ ಬೆಂಗಳೂರಿನಲ್ಲೂ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಹೊಲದ ಆದಾಯ ಸಾಲದ್ದಕ್ಕೆ ಹಳೆಯ ತಲೆಮಾರು ಹಿಡಿದ ವ್ಯಾಪಾರ ಇದು. ಸರಕು ಬಹುಪಾಲು ಪಂಜಾಬಿನ ಲೂಧಿಯಾನದ್ದು. ಅಲ್ಲಿನ ಸಗಟು ವ್ಯಾಪಾರಿಗಳು ಸಾಲದ ಮೇಲೆ ಕೊಡುತ್ತಾರೆ, ಸೀಸನ್ ಮುಗಿದ ಮೇಲೆ ಹಣ ಕಟ್ಟಬೇಕು.

ಒಂದು ಲೆಕ್ಕ ನೋಡೋಣ. ಒಂದು ಕುಟುಂಬ 300 ರೂಪಾಯಿಯಂತೆ 1,000 ಸ್ವೆಟರ್ ಸಾಲಕ್ಕೆ ತಂದಿತು ಎಂದಿಟ್ಟುಕೊಳ್ಳಿ. ಖರೀದಿ 3,00,000. ಅಂಗಡಿ ಜಾಗದ ಬಾಡಿಗೆ, ಸಾಗಣೆ, ರೂಮು ಸೇರಿ ಖರ್ಚು 60,000. ಆ ವರ್ಷ ಚಳಿ ಕಡಿಮೆ, 450 ರೂಪಾಯಿಯಂತೆ 700 ಮಾತ್ರ ಮಾರಾಟವಾಯಿತು. ಮಾರಾಟ 3,15,000. ಉಳಿದ 300 ಸ್ವೆಟರ್ ಅಂತಿಮ ಸರಕು, ಬೆಲೆ 90,000. ನಮ್ಮ ಪುಸ್ತಕದ ಪ್ರಕಾರ ಒಟ್ಟು ಲಾಭ 1,05,000, ಖರ್ಚು ಕಳೆದರೆ ನಿವ್ವಳ ಲಾಭ 45,000. ಸಂತೋಷ! ಆದರೆ ಕೈಯಲ್ಲಿರುವ ನಗದು ನೋಡಿ. 3,15,000ದಲ್ಲಿ ಖರ್ಚು 60,000 ಹೋಗಿ 2,55,000. ಕಟ್ಟಬೇಕಾದದ್ದು 3,00,000. ಕೊರತೆ 45,000. ಲಾಭವೂ ನಲವತ್ತೈದು ಸಾವಿರ, ಕೊರತೆಯೂ ನಲವತ್ತೈದು ಸಾವಿರ.

ನಮ್ಮ ಅಬ್ಬಾಗೆ ಇಂಥ ಪರಿಸ್ಥಿತಿ ಬಂದರೆ ಮನೆ ಪತ್ರವನ್ನೋ ಒಡವೆಯನ್ನೋ ಅಡ ಇಟ್ಟು ಬ್ಯಾಂಕ್ ಸಾಲ ಕೇಳಬಹುದು. ವಸತಿಯ ಜಮೀನು ಅವರ ಸ್ವಂತದ್ದಲ್ಲ, ಅಡ ಇಡಲು ಪತ್ರವಿಲ್ಲ. ಹಾಗಾಗಿ ಲೂಧಿಯಾನದ ವ್ಯಾಪಾರಿ ಇವರ ಮೇಲೆ ಇಟ್ಟಿರುವ ನಂಬಿಕೆಯೇ ಇವರ ದೊಡ್ಡ ಬಂಡವಾಳ. ಸಾಲವನ್ನು ಸಮಯಕ್ಕೆ ಸರಿಯಾಗಿ ತೀರಿಸುವುದಕ್ಕೆ ಅವರು ಯಾಕೆ ಅಷ್ಟು ಕಷ್ಟಪಡುತ್ತಾರೆ ಎಂದು ಈ ಲೆಕ್ಕ ಬರೆದ ಮೇಲೆ ನನಗೆ ಗೊತ್ತಾಯಿತು. ಬ್ಯಾಲೆನ್ಸ್ ಶೀಟಿನಲ್ಲಿ ‘ಗುಡ್‌ವಿಲ್’ ಎಂದು ಬರೆಯುತ್ತೇವಲ್ಲ, ಇಲ್ಲಿ ಅದು ಬರೀ ಪುಸ್ತಕದ ಪದವಲ್ಲ.

ಎಲ್ಲ ನಿರಾಶ್ರಿತರೂ ಒಂದೇ ಅಲ್ಲ

ಕರ್ನಾಟಕಕ್ಕೆ ಬೇರೆ ಜನರೂ ಬಂದಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದ ಚಹಾ ತೋಟಗಳಿಂದ ಬಂದ ತಮಿಳರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರಿಗೆ ಒಪ್ಪಂದದಲ್ಲೇ ಪೌರತ್ವ ಇತ್ತು. ರಾಯಚೂರಿನ ಸಿಂಧನೂರಿನಲ್ಲಿ ಪೂರ್ವ ಬಂಗಾಳದಿಂದ ಬಂದವರ ಶಿಬಿರಗಳಿವೆ. ಬೆಂಗಳೂರಿನ ಉತ್ತರ ಭಾಗದಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ಹಳೆ ಪ್ಲಾಸ್ಟಿಕ್, ಕಾಗದ ಆಯ್ದು ಬದುಕುತ್ತಿವೆ. ಅವರ ಕೈಯಲ್ಲಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡ್ ಮಾತ್ರ. ಜಮೀನಿಲ್ಲ, ಆರ್‌ಸಿ ಇಲ್ಲ, ತಮ್ಮದೇ ಶಾಲೆಯೂ ಇಲ್ಲ. ಯಾವ ವರ್ಷ, ಯಾವ ಗಡಿಯಿಂದ ಬಂದೆ ಎಂಬುದರ ಮೇಲೆ ಮಗುವಿನ ಭವಿಷ್ಯ ನಿಂತಿದೆ.

ಇದಕ್ಕೆ ಟಿಬೆಟಿನಲ್ಲೇ ಒಂದು ಉದಾಹರಣೆ ಇದೆ. ಲಾಸಾದಲ್ಲಿ ಮುಸ್ಲಿಮರೂ ಇದ್ದರು ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಶತಮಾನಗಳ ಹಿಂದೆ ವ್ಯಾಪಾರಕ್ಕೆ ಹೋಗಿ ನೆಲೆಸಿದ ಕಾಶ್ಮೀರಿಗಳ ವಂಶದವರು ಅವರಲ್ಲಿ ಅನೇಕರು. ಟಿಬೆಟಿಯನ್ ಭಾಷೆಯಲ್ಲಿ ಅವರನ್ನು ‘ಖಚೆ’ ಎನ್ನುತ್ತಾರೆ, ಕಾಶ್ಮೀರದವರು ಎಂದೇ ಅರ್ಥ. 1959ರ ನಂತರ ಅವರೂ ಊರು ಬಿಟ್ಟು ಬಂದರು. ಅವರ ಮೂಲ ಕಾಶ್ಮೀರ ಎಂದು ಭಾರತ ಸರ್ಕಾರ ಅವರನ್ನು ನಾಗರಿಕರೆಂದು ಒಪ್ಪಿಕೊಂಡಿತು. ಇಂದಿಗೂ ಶ್ರೀನಗರದಲ್ಲಿ ಅವರ ಬಡಾವಣೆ ಇದೆ, ಮನೆಮಾತು ಟಿಬೆಟಿಯನ್. ಲಾಸಾದ ಒಂದೇ ಬೀದಿಯ ಇಬ್ಬರು ಅಕ್ಕಪಕ್ಕದವರಲ್ಲಿ ಒಬ್ಬರು ಇಲ್ಲಿ ನಾಗರಿಕರು, ಇನ್ನೊಬ್ಬರು ನಿರಾಶ್ರಿತರು.

ನಮಗೆ ಈ ವಿಷಯ ಹೊಸದಾಗಬಾರದು. ನಮ್ಮ ಹಿಜರಿ ವರ್ಷ ಎಣಿಕೆ ಶುರುವಾಗುವುದೇ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ದಿನಗಳಿಂದ. ಅದಕ್ಕೂ ಮುಂಚೆ ಮುಸ್ಲಿಮರ ಒಂದು ಗುಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದಾಗ ಕ್ರೈಸ್ತ ದೊರೆ ನಜಾಶಿ ಆಶ್ರಯ ಕೊಟ್ಟ. ಮದೀನಾದ ಅನ್ಸಾರರು ಬಂದವರ ಜೊತೆ ಮನೆ, ತೋಟ ಹಂಚಿಕೊಂಡರು. ಕ್ಲಾಸಿನಲ್ಲಿ ಈ ಪ್ರಸಂಗಗಳನ್ನು ಓದಿ ಅಂಕ ಪಡೆಯುವ ನಾವು, ಪಕ್ಕದ ಬೆಂಚಿನ ಹುಡುಗಿಯನ್ನು ‘ಚೀನೀ’ ಎಂದು ಕರೆದರೆ ಏನು ಓದಿದ ಹಾಗಾಯಿತು? ಚೀನಾದ ಆಡಳಿತದಿಂದ ತಪ್ಪಿಸಿಕೊಂಡು ಬಂದವರ ಮೊಮ್ಮಗಳಿಗೆ ಆ ಪದ ಹೇಗೆ ಕೇಳಿಸುತ್ತದೆ ಎಂದು ಒಮ್ಮೆ ಯೋಚಿಸಿ. ಟ್ಯೂಷನ್‌ನಲ್ಲಿ ಅವಳಿಗೆ ಮೊದಲ ವಾರವೇ ಆ ಮಾತು ಸಿಕ್ಕಿತ್ತು.

ಮುಂದೇನು?

ಟಿಬೆಟಿಯನ್ ಆಡಳಿತ 2009ರಲ್ಲಿ ಮಾಡಿದ ಗಣತಿಯಲ್ಲಿ ಭಾರತದಲ್ಲಿ ಸುಮಾರು 94,000 ಟಿಬೆಟಿಯನ್ನರು ಇದ್ದರು. ಆಮೇಲೆ ಸಂಖ್ಯೆ ಕಡಿಮೆಯಾಗುತ್ತಾ ಬಂದಿದೆ. ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ವಸತಿಗಳಲ್ಲಿ ವೃದ್ಧರು ಉಳಿಯುತ್ತಿದ್ದಾರೆ. ನಮ್ಮ ಕೆಂಗೇರಿ ಆಚೆ, ಮೈಸೂರು ರಸ್ತೆಯ ಶೇಷಗಿರಿಹಳ್ಳಿಯಲ್ಲಿ ಟಿಬೆಟಿಯನ್ ಯುವಜನರಿಗೆಂದೇ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ಇದೆ. ಇಲ್ಲೇ ಓದಿ ಇಲ್ಲೇ ಉಳಿಯಬೇಕು ಎನ್ನುವವರೂ ಇದ್ದಾರೆ. ನನ್ನ ಗೆಳತಿಗೆ ಬಿ.ಕಾಂ. ಮುಗಿಸಿ ಬೈಲಕುಪ್ಪೆಯ ಸಹಕಾರ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುವ ಆಸೆ. ಅವಳ ತಮ್ಮನಿಗೆ ಕೆನಡಾ. ಮನೆಯಲ್ಲಿ ಈ ವಿಷಯಕ್ಕೆ ದಿನಾ ಜಗಳ ಅಂತೆ. ನೋಡಿದರೆ ಎಲ್ಲ ಮನೆಯಲ್ಲೂ ಇರುವ ಜಗಳವೇ, ಆದರೆ ಇಲ್ಲಿ ಒಬ್ಬೊಬ್ಬರು ಹೋದಂತೆ ಒಂದು ಭಾಷೆ ಮಾತಾಡುವವರು ಒಬ್ಬೊಬ್ಬರು ಕಡಿಮೆಯಾಗುತ್ತಾರೆ.

ನಾವು ಕಾನೂನು ಬದಲಿಸಲು ಆಗುವುದಿಲ್ಲ. ನಮ್ಮಿಂದ ಆಗುವ ಕೆಲವು ಕೆಲಸ ಇವೆ. ನಿರಾಶ್ರಿತ ಸಹಪಾಠಿ ಇದ್ದರೆ ಮೊದಲ ದಿನವೇ ಕಾಗದ, ಪೌರತ್ವ, ಓಡಿಬಂದ ಕಥೆ ಕೇಳಬೇಡಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಅರ್ಜಿ ತುಂಬುವಾಗ ಅವರಿಗೆ ಹೊಂದುವ ಕಾಲಂ ಇಲ್ಲದಿದ್ದರೆ ಜೊತೆಗೆ ಆಫೀಸಿಗೆ ಹೋಗಿ, ಒಬ್ಬರಿಗಿಂತ ಇಬ್ಬರು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ನೋಟ್ಸ್ ಕೊಡಿ, ಅವರಿಂದ ನೋಟ್ಸ್ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಸ್ವೆಟರ್ ಕೊಳ್ಳುವಾಗ ಸ್ವಲ್ಪ ಚೌಕಾಸಿ ಮಾಡಿ, ಪರವಾಗಿಲ್ಲ, ಅದು ವ್ಯಾಪಾರ. ಆದರೆ 450 ಎಂದದ್ದನ್ನು 200ಕ್ಕೆ ಕೇಳುವ ಮುಂಚೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ.